ಕೆಎಸ್‌ಆರ್‌ಟಿಸಿ ಜಗಳ ಕೋರ್ಟಲ್ಲಿ ಮುಗೀತು, ಇಂಟರ್ನೆಟ್‌ನಲ್ಲಿ ಇನ್ನೂ ಮುಗಿದಿಲ್ಲ

ಮಾನ್ಯ ಸಂಪಾದಕರೇ,

ನಕಲಿ ವೆಬ್‌ಸೈಟ್ ನಂಬಿ ದುಡ್ಡು ಕಳ್ಕೊಂಡೋರ ಸುದ್ದಿ ನಿಮ್ಮ ಪೇಪರ್‌ನಲ್ಲಿ ಆಗಾಗ ಬರ್ತಾನೇ ಇರುತ್ತೆ, ಅದು ಕ್ರೈಂ ಪೇಜಲ್ಲಿ ಬರುತ್ತೆ. ಕೆಎಸ್‌ಆರ್‌ಟಿಸಿ ಅನ್ನೋ ಹೆಸರು ನಮ್ದಾ ಕೇರಳದವರದಾ ಅನ್ನೋ ಸುದ್ದಿ ಬಂದಾಗ ಅದು ರಾಜ್ಯದ ಪೇಜಲ್ಲಿ ಬಂತು, ಎರಡು ದಿನ ಫೇಸ್‌ಬುಕ್‌ನಲ್ಲಿ ಕನ್ನಡದವರು ಮಲಯಾಳಿಗಳು ಕಿತ್ತಾಡಿದ್ರು, ಆಮೇಲೆ ಎಲ್ರೂ ಮರೆತ್ರು. ನನ್ನ ಪ್ರಕಾರ ಇವೆರಡೂ ಒಂದೇ ಕಾಯಿಲೆ. ಹೆಸರಿನ ಹಕ್ಕು ಕೊಡೋ ಆಫೀಸೇ ಬೇರೆ, ಇಂಟರ್ನೆಟ್‌ನಲ್ಲಿ ಹೆಸರು ಮಾರೋ ಅಂಗಡಿನೇ ಬೇರೆ, ಇಬ್ಬರೂ ಒಬ್ಬರನ್ನೊಬ್ಬರು ಕೇಳೋದೇ ಇಲ್ಲ. ಕಳ್ಳರನ್ನ ಹಿಡಿಯೋಕೆ ಕಾನೂನು ತಡವಾಗಿಯಾದ್ರೂ ದಾರಿ ಮಾಡ್ಕೊಂಡಿದೆ, ಆದ್ರೆ ಒಂದೇ ಹೆಸರಿಗೆ ಇಬ್ಬರು ಪ್ರಾಮಾಣಿಕ ಹಕ್ಕುದಾರರು ಇದ್ರೆ ಏನು ಮಾಡ್ಬೇಕು ಅನ್ನೋದಕ್ಕೆ ಇವತ್ತಿಗೂ ಸರಿಯಾದ ಉತ್ತರ ಇಲ್ಲ, ನಮ್ಮ ಸರ್ಕಾರಿ ಸಂಸ್ಥೆಗಳಂತೂ ಇದರ ಬಗ್ಗೆ ತಲೆನೇ ಕೆಡಿಸ್ಕೊಂಡಿಲ್ಲ.

ನಾನು ಹಾಸನದಲ್ಲಿ ಸಣ್ಣ ಡಿಟಿಪಿ ಅಂಗಡಿ ಇಟ್ಕೊಂಡಿರೋನು, ಬಿಲ್ ಬುಕ್ಕು ಬ್ಯಾನರ್ ಜೊತೆ ಸಣ್ಣಪುಟ್ಟ ವ್ಯಾಪಾರದವರಿಗೆ ವೆಬ್‌ಸೈಟೂ ಮಾಡಿಕೊಡ್ತೀನಿ, ಹಾಗಾಗಿ ಈ ಡೊಮೇನ್ ವ್ಯವಹಾರ ದಿನಾ ಕಣ್ಣಿಗೆ ಬೀಳುತ್ತೆ. ಡೊಮೇನ್ ಅಂದ್ರೆ ವೆಬ್‌ಸೈಟಿನ ವಿಳಾಸ, ಡಾಟ್ ಕಾಮ್, ಡಾಟ್ ಇನ್ ಅಂತೀವಲ್ಲ ಅದು. ಅದನ್ನ ತಗೊಳ್ಳೋಕೆ ಯಾವ ದಾಖಲೆಯಿಂದಲೂ ಆ ಹೆಸರು ನಿಂದೇ ಅಂತ ಸಾಬೀತು ಮಾಡಬೇಕಿಲ್ಲ, ಯಾರು ಮೊದಲು ದುಡ್ಡು ಕಟ್ತಾರೋ ಅವರಿಗೆ ಸಿಗುತ್ತೆ ಅಷ್ಟೇ, ವರ್ಷಕ್ಕೆ ಸಾವಿರ ರೂಪಾಯಿ ಆಸುಪಾಸು, ಒಂದು ಸಲಕ್ಕೆ ಹತ್ತು ವರ್ಷದವರೆಗೂ ಬುಕ್ ಮಾಡಬಹುದು. ಟ್ರೇಡ್‌ಮಾರ್ಕ್, ಅಂದ್ರೆ ವ್ಯಾಪಾರದ ಹೆಸರು ಚಿಹ್ನೆ ಮೇಲಿನ ಹಕ್ಕು, ಹಾಗಲ್ಲ. ಅರ್ಜಿ ಹಾಕ್ಬೇಕು, ಪರಿಶೀಲನೆ ಆಗುತ್ತೆ, ಟ್ರೇಡ್‌ಮಾರ್ಕ್ ಆಫೀಸಿನ ಜರ್ನಲ್‌ನಲ್ಲಿ ಪ್ರಕಟ ಆಗುತ್ತೆ, ಯಾರಿಗಾದ್ರೂ ತಕರಾರಿದ್ರೆ ಎತ್ತೋಕೆ ನಾಲ್ಕು ತಿಂಗಳು ಟೈಮ್ ಇರುತ್ತೆ. ಒಬ್ಬ ವ್ಯಕ್ತಿ ಅಥವಾ ಸಣ್ಣ ಉದ್ದಿಮೆ ಆನ್‌ಲೈನ್‌ನಲ್ಲಿ ಹಾಕಿದ್ರೆ ಒಂದು ಕ್ಲಾಸಿಗೆ 4,500 ರೂಪಾಯಿ ಫೀಸು, ದೊಡ್ಡ ಕಂಪನಿಗೆ 9,000. (ಇನ್ನೊಂದು ವಿಷ್ಯ, ದೇಶದಲ್ಲಿ ಟ್ರೇಡ್‌ಮಾರ್ಕ್ ಆಫೀಸು ಇರೋದು ಮುಂಬೈ, ದೆಹಲಿ, ಕೋಲ್ಕತ್ತ, ಅಹಮದಾಬಾದ್, ಚೆನ್ನೈ ಈ ಐದು ಕಡೆ. ಸ್ಟಾರ್ಟಪ್ ರಾಜಧಾನಿ ಅಂತ ಬೀಗೋ ಬೆಂಗಳೂರಲ್ಲಿ ಇಲ್ಲ, ನಾವೆಲ್ಲ ಚೆನ್ನೈ ವ್ಯಾಪ್ತಿಗೆ ಬರ್ತೀವಿ.)

ಕ್ಲಾಸ್ ಅಂದ್ನಲ್ಲ, ಅದೇ ಇಲ್ಲಿ ಮುಖ್ಯ. ಟ್ರೇಡ್‌ಮಾರ್ಕ್‌ನಲ್ಲಿ ಒಟ್ಟು 45 ವರ್ಗ ಇದೆ, 34 ಸರಕಿಗೆ, 11 ಸೇವೆಗೆ. ಒಂದೇ ಹೆಸರನ್ನ ಬೇರೆ ಬೇರೆ ವ್ಯಾಪಾರದಲ್ಲಿ ಬೇರೆ ಬೇರೆಯವರು ಇಟ್ಕೊಂಡು ಆರಾಮಾಗಿ ಇರಬಹುದು. ನಮ್ಮಲ್ಲೇ ಒಳ್ಳೇ ಉದಾಹರಣೆ ಇದೆ, ನಂದಿನಿ. ಕೆಎಂಎಫ್ ಹಾಲಿಗೆ ನಂದಿನಿ ಅನ್ನೋ ಹೆಸರು ಇಟ್ಟಿದ್ದು 1985ರಲ್ಲಿ, ಬೆಂಗಳೂರಲ್ಲಿ ನಂದಿನಿ ಡಿಲಕ್ಸ್ ಹೋಟೆಲಿನವರು ಅದೇ ಹೆಸರಲ್ಲಿ ಶುರು ಮಾಡಿದ್ದು 1989ರಲ್ಲಿ. ಹೋಟೆಲಿನವರು ಟ್ರೇಡ್‌ಮಾರ್ಕಿಗೆ ಅರ್ಜಿ ಹಾಕ್ದಾಗ ಕೆಎಂಎಫ್ ಅಡ್ಡ ಬಂತು, ಕೇಸು ಎಳೆದಾಡ್ಕೊಂಡು ಸುಪ್ರೀಂ ಕೋರ್ಟ್‌ವರೆಗೆ ಹೋಯ್ತು. 2018ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದಿಷ್ಟು: ನಂದಿನಿ ಅನ್ನೋದು ದೇವಿ ಹೆಸರು, ಹಸುವಿನ ಹೆಸರು, ಯಾರೋ ಹುಟ್ಟುಹಾಕಿದ ಪದ ಅಲ್ಲ, ಒಬ್ಬರು ಹಾಲು ಮಾರ್ತಾರೆ ಇನ್ನೊಬ್ಬರು ಊಟ ಹಾಕ್ತಾರೆ, ಬರೆಯೋ ಶೈಲಿ ಚಿತ್ರ ಎಲ್ಲ ಬೇರೆ, ಜನಕ್ಕೆ ಗೊಂದಲ ಆಗಲ್ಲ, ಹಾಲು ಹಾಲಿನ ಪದಾರ್ಥ ಬಿಟ್ಟು ಉಳಿದಿದ್ದಕ್ಕೆ ಹೋಟೆಲಿನವರು ಹೆಸರು ನೋಂದಾಯಿಸ್ಕೊಳ್ಳಲಿ ಅಂತ. ನನಗಂತೂ ಈ ತೀರ್ಪು ಬಹಳ ಸರಿ ಅನ್ಸುತ್ತೆ, ಬೆಂಗಳೂರಲ್ಲಿ ಯಾವನಾದ್ರೂ ಬಿರಿಯಾನಿ ತಿನ್ನೋಕೆ ಹೋಗಿ ಹಾಲಿನ ಪ್ಯಾಕೆಟ್ ಕೇಳಿದ್ದು ನಾನಂತೂ ಕೇಳಿಲ್ಲ.

ಆದ್ರೆ ಇಂಟರ್ನೆಟ್‌ನಲ್ಲಿ ಈ 45 ವರ್ಗ ಇಲ್ಲ. ನಂದಿನಿ ಡಾಟ್ ಕಾಮ್ ಅನ್ನೋದು ಇಡೀ ಪ್ರಪಂಚಕ್ಕೆ ಒಂದೇ. ಕಾಗದದ ಮೇಲೆ ಹಾಲಿಗೂ ಹೋಟೆಲಿಗೂ ಅಗರಬತ್ತಿಗೂ ಸೀರೆಗೂ ಬೇರೆ ಬೇರೆ ನಂದಿನಿ ಇರಬಹುದು, ವಿಳಾಸಕ್ಕೆ ಬಂದಾಗ ಒಂದೇ ಸೀಟಿಗೆ ನಾಲ್ಕು ಜನಕ್ಕೆ ಟಿಕೆಟ್ ಕೊಟ್ಟ ಹಾಗಾಗುತ್ತೆ, ನಾಲ್ಕೂ ಟಿಕೆಟ್ ಅಸಲಿನೇ. ಕೆಎಂಎಫ್‌ನವರು ಇದರಿಂದ ಜಾಣತನದಲ್ಲಿ ತಪ್ಪಿಸ್ಕೊಂಡಿದ್ದಾರೆ, ಅವರ ವಿಳಾಸ ಕೆಎಂಎಫ್‌ನಂದಿನಿ ಡಾಟ್ ಕೋಪ್, ಡಾಟ್ ಕೋಪ್ ಅನ್ನೋದು ಸಹಕಾರಿ ಸಂಘಗಳಿಗೆ ಅಂತಲೇ ಮೀಸಲಾದದ್ದು, ಬೇರೆ ಯಾರಂದ್ರೆ ಅವರು ತಗೊಳ್ಳೋಕೆ ಆಗಲ್ಲ. ಹಾಲಿನವರಿಗೆ ಹೊಳೆದಿದ್ದು ಬಸ್ಸಿನವರಿಗೆ ಯಾಕೆ ಹೊಳೀಲಿಲ್ವೋ ಗೊತ್ತಿಲ್ಲ.

ಈಗ ಬಸ್ಸಿನ ವಿಷ್ಯಕ್ಕೆ ಬರ್ತೀನಿ. ತಿರುವಾಂಕೂರಿನಲ್ಲಿ ಮಹಾರಾಜರ ಕಾಲದಲ್ಲೇ, 1938ರಲ್ಲಿ, ಸರ್ಕಾರಿ ಬಸ್ಸು ಶುರುವಾಗಿತ್ತು, ಅದೇ ಬೆಳೆದು 1965ರಲ್ಲಿ ಕೇರಳ ಸ್ಟೇಟ್ ರೋಡ್ ಟ್ರಾನ್ಸ್‌ಪೋರ್ಟ್ ಕಾರ್ಪೊರೇಷನ್ ಆಯ್ತು. ನಮ್ಮಲ್ಲಿ 1948ರಲ್ಲಿ ಮೈಸೂರು ಸರ್ಕಾರದ ಸಾರಿಗೆ ಇಲಾಖೆ 120 ಬಸ್ಸಿನಿಂದ ಶುರು ಮಾಡ್ತು, 1961ರಲ್ಲಿ ಅದು ನಿಗಮ ಆಯ್ತು, ಹೆಸರು ಎಂಎಸ್‌ಆರ್‌ಟಿಸಿ, ಮೈಸೂರು ರಾಜ್ಯದ್ದು ಅಂತ. 1973ರ ನವೆಂಬರ್ 1ಕ್ಕೆ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದ ಮೇಲೆ ಎಂ ಹೋಗಿ ಕೆ ಬಂತು. ಅಂದ್ರೆ ಇಂಗ್ಲಿಷಿನ ಈ ಐದು ಅಕ್ಷರ ಮೊದಲು ಬಳಸಿದ್ದು ಕೇರಳದವರೇ, ಅದನ್ನ ಒಪ್ಪಿಕೊಳ್ಳೋಕೆ ನಮಗೆ ನಾಚಿಕೆ ಆಗಬೇಕಿಲ್ಲ. ಹಾಗೇನೇ ನಮ್ಮವರು ಕದ್ದಿದ್ದೂ ಅಲ್ಲ, ರಾಜ್ಯದ ಹೆಸರು ಬದಲಾಯ್ತು, ಅಕ್ಷರ ತಾನಾಗೇ ಹೊಂದಿಕೊಂಡ್ತು. ಐವತ್ತು ವರ್ಷ ಎರಡೂ ಓಡಿದ್ವು. ಮಂಗಳೂರು ಕಾಸರಗೋಡು ರೂಟಲ್ಲಿ ಎರಡೂ ನಿಗಮದ ಬಸ್ಸು ಓಡಾಡುತ್ತೆ, ಅಲ್ಲಿ ಯಾರಿಗೂ ಗೊಂದಲ ಇಲ್ಲ, ಬೋರ್ಡಲ್ಲಿರೋ ಲಿಪಿ ನೋಡಿದ್ರೆ, ಬಸ್ಸಿನ ಬಣ್ಣ ನೋಡಿದ್ರೆ ಗೊತ್ತಾಗುತ್ತೆ, ಗೊತ್ತಾಗದಿದ್ರೆ ಕೇರಳ ಗಾಡಿನಾ ಕರ್ನಾಟಕ ಗಾಡಿನಾ ಅಂತ ಕಂಡಕ್ಟರ್‌ನ ಕೇಳಿದ್ರಾಯ್ತು.

ಜಗಳ ಹುಟ್ಟಿದ್ದು ಬಸ್ ಸ್ಟ್ಯಾಂಡಲ್ಲಿ ಅಲ್ಲ. ನಮ್ಮ ನಿಗಮ ಕೆಎಸ್‌ಆರ್‌ಟಿಸಿ ಅನ್ನೋ ಹೆಸರಿಗೂ ಗಂಡಭೇರುಂಡದ ಲಾಂಛನಕ್ಕೂ ಟ್ರೇಡ್‌ಮಾರ್ಕ್ ಅರ್ಜಿ ಹಾಕಿ 2013ರಲ್ಲಿ ನೋಂದಣಿ ಮಾಡಿಸ್ತು, ಮಾರನೇ ವರ್ಷ ಕೇರಳಕ್ಕೆ ಈ ಹೆಸರು ಬಳಸಬೇಡಿ ಅಂತ ನೋಟಿಸೂ ಹೋಯ್ತು. ಕೇರಳದವರು ಚೆನ್ನೈನಲ್ಲಿದ್ದ ಬೌದ್ಧಿಕ ಆಸ್ತಿ ಮೇಲ್ಮನವಿ ಮಂಡಳಿಗೆ ಹೋದ್ರು. 2021ರ ಜೂನ್‌ನಲ್ಲಿ ಕೆಎಸ್‌ಆರ್‌ಟಿಸಿ ಇನ್ಮೇಲೆ ಕೇರಳಕ್ಕೆ ಮಾತ್ರ ಅಂತ ಸುದ್ದಿ ಹಬ್ಬಿ, ನಮ್ಮ ನಿಗಮದವರು ಅಂಥ ಆದೇಶ ಏನೂ ಬಂದಿಲ್ಲ ಅಂತ ಸ್ಪಷ್ಟನೆ ಕೊಡಬೇಕಾಯ್ತು, ಅಷ್ಟರಲ್ಲಿ ಆ ಮಂಡಳಿನೇ ಕೇಂದ್ರದ ಸುಗ್ರೀವಾಜ್ಞೆಯಿಂದ ರದ್ದಾಗಿತ್ತು, ಅದೂ ಅದೇ ವರ್ಷದ ಏಪ್ರಿಲ್‌ನಲ್ಲಿ! ಕೇಸು ಮದ್ರಾಸ್ ಹೈಕೋರ್ಟಿಗೆ ವರ್ಗ ಆಯ್ತು, 2023ರ ಡಿಸೆಂಬರ್‌ನಲ್ಲಿ ಕೇರಳದ ಅರ್ಜಿ ವಜಾ ಆಯ್ತು, ಕರ್ನಾಟಕ ಆ ಹೆಸರು ಬಳಸೋಕೆ ಅಡ್ಡಿ ಇಲ್ಲ ಅಂತಾಯ್ತು. ನಮ್ಮಲ್ಲಿ ಇದನ್ನ ಗೆಲುವು ಅಂತ ಸಂಭ್ರಮಿಸಿದ್ರು. ಆದ್ರೆ ಟ್ರೇಡ್‌ಮಾರ್ಕ್ ಕಾಯ್ದೆಯಲ್ಲಿ 34ನೇ ಸೆಕ್ಷನ್ ಅಂತ ಒಂದಿದೆ, ನೋಂದಾಯಿಸಿದವರು ಬಳಸೋಕೆ ಶುರು ಮಾಡೋದಕ್ಕೂ, ನೋಂದಣಿಗೂ ಮೊದಲಿಂದ ಒಬ್ಬರು ಒಂದು ಹೆಸರನ್ನ ಬಿಡದೇ ಬಳಸ್ತಾ ಬಂದಿದ್ರೆ ನೋಂದಾಯಿಸಿದವರು ಅವರನ್ನ ತಡೆಯೋಕಾಗಲ್ಲ ಅನ್ನುತ್ತೆ ಅದು. ನಾನು ಲಾಯರ್ ಅಲ್ಲ, ಆದ್ರೂ ಅದನ್ನ ಓದಿದವರಿಗೆ ಯಾರಿಗಾದ್ರೂ ಅರ್ಥ ಆಗೋದು, 1965ರಿಂದ ಬಳಸ್ತಿರೋ ಕೇರಳದವರನ್ನ ಬಿಡಿಸೋದು ಸುಲಭ ಅಲ್ಲ ಅಂತ. ಹಾಗಾಗಿ ಬಸ್ಸಿನ ಮೇಲೆ ಇಬ್ಬರೂ ಬರ್ಕೊಂಡು ಓಡಾಡಬಹುದು.

ವಿಳಾಸ ಮಾತ್ರ ಹಂಚಿಕೊಳ್ಳೋಕಾಗಲ್ಲ. ಕೆಎಸ್‌ಆರ್‌ಟಿಸಿ ಡಾಟ್ ಇನ್ ನಮ್ಮವರ ಕೈಲಿದೆ, ನಮ್ಮ ನಿಗಮದ ಟಿಕೆಟ್ ಬುಕ್ಕಿಂಗ್ ಅಲ್ಲೇ ನಡೆಯೋದು. ಕೇರಳದವರು ಕೇರಳಆರ್‌ಟಿಸಿ ಡಾಟ್ ಕಾಮ್ ಅಂತ ಮಾಡ್ಕೊಂಡ್ರು, ಈಗ ಆನ್‌ಲೈನ್‌ಕೆಎಸ್‌ಆರ್‌ಟಿಸಿಸ್ವಿಫ್ಟ್ ಡಾಟ್ ಕಾಮ್ ಅನ್ನೋ ಉದ್ದದ ವಿಳಾಸದಲ್ಲಿ ಬುಕ್ಕಿಂಗ್ ತಗೊಳ್ತಾರೆ, ಅದನ್ನ ಬಾಯಲ್ಲಿ ಹೇಳೋದೇ ಕಷ್ಟ, ಟೈಪ್ ಮಾಡೋದು ಇನ್ನೂ ಕಷ್ಟ. ಆಗ ಕೇರಳದ ಕಡೆಯಿಂದ ಬಂದ ಮುಖ್ಯ ದೂರು ಇದೇ, ಬೆಂಗಳೂರಿಂದ ಕೇರಳಕ್ಕೆ ಹೋಗೋ ರೂಟುಗಳು ಲಾಭದ ರೂಟುಗಳು, ಜನ ಗೂಗಲ್‌ನಲ್ಲಿ ಕೆಎಸ್‌ಆರ್‌ಟಿಸಿ ಅಂತ ಹೊಡೆದ್ರೆ ಕರ್ನಾಟಕದ ಸೈಟಿಗೆ ಹೋಗಿ ಅಲ್ಲೇ ಟಿಕೆಟ್ ಮಾಡಿಸಿಬಿಡ್ತಾರೆ ಅಂತ. ಅಂದ್ರೆ ಹೆಮ್ಮೆಗಿಂತ ಜಾಸ್ತಿ ಇದು ಗಲ್ಲಾ ಪೆಟ್ಟಿಗೆ ಜಗಳ. ಹೈಕೋರ್ಟ್ ತೀರ್ಪು ಬಂದ ಮೇಲೂ ಈ ಭಾಗ ಹಾಗೇ ಉಳ್ಕೊಂಡಿದೆ, ಓಣಂಗೆ ಊರಿಗೆ ಹೋಗೋ ಹುಡುಗ ಅವಸರದಲ್ಲಿ ಫೋನಲ್ಲಿ ಐದು ಅಕ್ಷರ ಹೊಡೀತಾನೆ, ಎದುರಿಗೆ ಬಂದಿದ್ದನ್ನ ಒತ್ತುತ್ತಾನೆ. ಕಂಡಕ್ಟರ್ ಕೇಳೋಕೆ ಅಲ್ಲಿ ಯಾರೂ ಇರಲ್ಲ.

ಇದಕ್ಕೆ ಪರಿಹಾರ ಇಲ್ಲ ಅಂತಿಲ್ಲ, ಬಹಳ ಸರಳವಾದ್ದು ಒಂದಿದೆ. ಸ್ಕ್ರ್ಯಾಬಲ್ ಅನ್ನೋ ಪದಗಳ ಆಟ ಗೊತ್ತಲ್ಲ, ಅದರ ಹಕ್ಕು ಅಮೆರಿಕ ಮತ್ತು ಕೆನಡಾದಲ್ಲಿ ಹ್ಯಾಸ್ಬ್ರೋ ಕಂಪನಿದು, ಉಳಿದ ಪ್ರಪಂಚದಲ್ಲಿ ಮ್ಯಾಟೆಲ್ ಕಂಪನಿದು. ಇಬ್ಬರೂ ಆಟದ ಸಾಮಾನಿನ ವ್ಯಾಪಾರದಲ್ಲಿ ಹಾವು ಮುಂಗುಸಿ. ಆದ್ರೂ ಸ್ಕ್ರ್ಯಾಬಲ್ ಡಾಟ್ ಕಾಮ್‌ಗೆ ಹೋದವರಿಗೆ ನೀವು ಯಾವ ದೇಶದವರು ಅಂತ ಕೇಳಿ ಆಯಾ ಕಂಪನಿಯ ಸೈಟಿಗೆ ಕಳಿಸೋ ಒಂದು ಪುಟ ಇಟ್ಟು ಸಮಸ್ಯೆ ಬಗೆಹರಿಸ್ಕೊಂಡ್ರು. ಕೆಎಸ್‌ಆರ್‌ಟಿಸಿ ಡಾಟ್ ಇನ್ ತೆಗೆದ ಕೂಡಲೇ ಮೇಲೆ ಒಂದು ಸಾಲು, ಕೇರಳ ಸಾರಿಗೆ ಬಸ್ಸಿಗೆ ಇಲ್ಲಿ ಒತ್ತಿ ಅಂತ ಹಾಕಿದ್ರೆ ನಮ್ಮ ನಿಗಮದ ಗಂಟೇನು ಹೋಗುತ್ತೆ? ಹಾಗೇ ಅವರ ಸೈಟಲ್ಲಿ ನಮ್ಮದಕ್ಕೆ ಒಂದು ಲಿಂಕ್ ಇರಲಿ. ಎರಡು ಪ್ರೈವೇಟ್ ಕಂಪನಿ ಮಾಡ್ಕೊಂಡಿದ್ದನ್ನ ಪಕ್ಕಪಕ್ಕದ ಎರಡು ಸರ್ಕಾರಿ ನಿಗಮ ಮಾಡ್ಕೊಳ್ಳೋಕಾಗಲ್ಲ ಅಂದ್ರೆ ಏನು ಹೇಳೋದು, ಅದೂ ಎರಡೂ ಕಡೆ ವಕೀಲರ ಫೀಸು ಕಟ್ಟಿದ್ದು ಜನರ ದುಡ್ಡಲ್ಲಿ.

ಇಬ್ಬರಲ್ಲಿ ಒಬ್ಬ ಕಳ್ಳ ಆಗಿದ್ರೆ ವಿಷ್ಯ ಸುಲಭ. ಈ ದೇಶದಲ್ಲಿ ಆ ವಿಚಾರದಲ್ಲಿ ದೊಡ್ಡ ತೀರ್ಪು ಬಂದಿದ್ದೇ ಬೆಂಗಳೂರಿನ ಕೇಸಿಂದ ಅನ್ನೋದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಸತ್ಯಂ ಇನ್ಫೋವೇ ಕಂಪನಿ ತನ್ನ ಹೆಸರಿಂದಲೇ ಅಕ್ಷರ ಆರಿಸಿ ಸಿಫಿ ಅಂತ ಪದ ಮಾಡಿ 1999ರಲ್ಲಿ ಸಿಫಿನೆಟ್ ಡಾಟ್ ಕಾಮ್ ತರದ ವಿಳಾಸ ತಗೊಂಡಿತ್ತು, ಎರಡು ವರ್ಷ ಆದ್ಮೇಲೆ ಇನ್ನೊಂದು ಕಂಪನಿ ಒಂದು ಎಫ್ ಜಾಸ್ತಿ ಹಾಕಿ ಸಿಫ್ಫಿನೆಟ್ ಡಾಟ್ ಕಾಮ್ ತಗೊಳ್ತು. ಸಿಟಿ ಸಿವಿಲ್ ಕೋರ್ಟ್ ತಡೆಯಾಜ್ಞೆ ಕೊಡ್ತು, ನಮ್ಮ ಹೈಕೋರ್ಟು ಇಬ್ಬರ ವ್ಯಾಪಾರ ಬೇರೆ ಬೇರೆ ಜನಕ್ಕೆ ಗೊಂದಲ ಆಗಲ್ಲ ಅಂತ ಅದನ್ನ ತೆಗೆದುಹಾಕ್ತು, 2004ರ ಮೇ 6ಕ್ಕೆ ಸುಪ್ರೀಂ ಕೋರ್ಟು ಮತ್ತೆ ತಡೆಯಾಜ್ಞೆನೇ ಸರಿ ಅಂತು. ಆ ಎರಡನೇ ಕಂಪನಿಯವರು ಕೊಟ್ಟ ಕಾರಣ ನೋಡಿ, ನಮ್ಮ ಐದು ಜನ ಪಾಲುದಾರರ ಹೆಸರಿನ ಮೊದಲ ಅಕ್ಷರ ಜೋಡಿಸಿದ್ರೆ ಈ ಪದ ಆಗುತ್ತೆ ಅಂತ. ಕೋರ್ಟು ನಂಬಲಿಲ್ಲ. ಡೊಮೇನ್ ಹೆಸರಿಗೆ ಅಂತಲೇ ಪ್ರತ್ಯೇಕ ಕಾನೂನು ನಮ್ಮಲ್ಲಿಲ್ಲ, ಆದ್ರೆ ಇನ್ನೊಬ್ಬರ ಸರಕನ್ನ ತನ್ನದು ಅಂತ ದಾಟಿಸೋದನ್ನ ತಡೆಯೋ ಹಳೇ ನಿಯಮ ಇದಕ್ಕೂ ಅನ್ವಯ ಆಗುತ್ತೆ ಅಂತ ಸ್ಪಷ್ಟವಾಗಿ ಹೇಳ್ತು. ಇಪ್ಪತ್ತು ವರ್ಷ ಮೀರಿದ್ರೂ ನಾವು ಇನ್ನೂ ಅದೇ ತೀರ್ಪಿನ ಮೇಲೆ ನಡೀತಿದ್ದೀವಿ, ಆ ಪ್ರತ್ಯೇಕ ಕಾನೂನು ಇನ್ನೂ ಬಂದಿಲ್ಲ.

ಅದಕ್ಕೂ ಮೊದಲು 1999ರಲ್ಲಿ ದೆಹಲಿ ಹೈಕೋರ್ಟಲ್ಲಿ ಯಾಹೂಇಂಡಿಯಾ ಡಾಟ್ ಕಾಮ್ ಅಂತ ಬೇರೆಯವರು ಮಾಡಿದ್ದ ಸೈಟಿನ ಮೇಲೆ ಯಾಹೂ ಕಂಪನಿ ಹಾಕಿದ ಕೇಸ್ ನಡೆದಿತ್ತು. ಇಂಟರ್ನೆಟ್ ಬಳಸೋರು ಓದಿ ಬರೆಯೋಕೆ ಬರೋರು, ಮೋಸ ಹೋಗಲ್ಲ ಅಂತ ಆ ಸೈಟಿನವರ ವಾದ. ಕೋರ್ಟು ಒಪ್ಪಲಿಲ್ಲ. ಇವತ್ತು ಪಿಂಚಣಿ ತಗೊಳ್ಳೋ ಅಜ್ಜಿ ಕೈಲೂ ಫೋನಿದೆ, ಆ ವಾದ ಈಗ ಮಾಡಿದ್ರೆ ಜನ ನಗ್ತಾರೆ.

ಕೋರ್ಟಿಗೆ ಹೋಗದೇ ಬಗೆಹರಿಸ್ಕೊಳ್ಳೋ ದಾರಿನೂ ಇದೆ. ಪ್ರಪಂಚದ ಡೊಮೇನ್ ವ್ಯವಸ್ಥೆ ನೋಡ್ಕೊಳ್ಳೋ ಐಕ್ಯಾನ್ ಸಂಸ್ಥೆ 1999ರಲ್ಲೇ ವಿಳಾಸದ ಜಗಳ ಬಗೆಹರಿಸೋ ಯುಡಿಆರ್‌ಪಿ ಅನ್ನೋ ನಿಯಮ ತಂತು, ನಮ್ಮ ಡಾಟ್ ಇನ್ ವಿಳಾಸಗಳಿಗೆ ಅದನ್ನ ನೋಡ್ಕೊಳ್ಳೋ ನಿಕ್ಸಿ ಸಂಸ್ಥೆಯ ಐಎನ್‌ಡಿಆರ್‌ಪಿ ಅಂತ ಬೇರೆ ಇದೆ. ದೂರು ಕೊಡೋನು ಮೂರು ವಿಷ್ಯ ತೋರಿಸ್ಬೇಕು, ವಿಳಾಸ ನನ್ನ ಟ್ರೇಡ್‌ಮಾರ್ಕ್ ಥರಾನೇ ಇದೆ, ಎದುರಿನವನಿಗೆ ಆ ಹೆಸರಲ್ಲಿ ನ್ಯಾಯವಾದ ಹಕ್ಕಿಲ್ಲ, ಕೆಟ್ಟ ಉದ್ದೇಶದಿಂದ ಇಟ್ಕೊಂಡಿದ್ದಾನೆ ಅಂತ. ಗೆದ್ರೆ ವಿಳಾಸ ನಿಮಗೆ ಬರುತ್ತೆ, ಯುಡಿಆರ್‌ಪಿಯಲ್ಲಿ ಪರಿಹಾರದ ದುಡ್ಡು ಅಂತ ಏನೂ ಸಿಗಲ್ಲ. ಜಿನೀವಾದ ವೈಪೊ, ಅಂದ್ರೆ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆ, ಒಂದರಲ್ಲೇ 2023ರಲ್ಲಿ ಆರು ಸಾವಿರಕ್ಕೂ ಹೆಚ್ಚು ಇಂಥ ದೂರು ದಾಖಲಾಗಿದೆ. ಆದ್ರೆ ಗಮನಿಸಿ, ಎರಡನೇ ಷರತ್ತು ಇದೆಯಲ್ಲ, ಎದುರಿನವನಿಗೆ ನ್ಯಾಯವಾದ ಹಕ್ಕಿಲ್ಲ ಅನ್ನೋದು, ಕೆಎಸ್‌ಆರ್‌ಟಿಸಿ ಥರದ ಜಗಳ ಅಲ್ಲೇ ಬಿದ್ದು ಹೋಗುತ್ತೆ. ಕರ್ನಾಟಕಕ್ಕೆ ಆ ಹೆಸರಲ್ಲಿ ಹಕ್ಕಿಲ್ಲ ಅಂತ ಯಾರು ಹೇಳ್ತಾರೆ? ಹಾಗಾಗಿ ಈ ನಿಯಮ ಕಳ್ಳರ ಪಾಲಿಗೆ ಬಲೆ, ಇಬ್ಬರು ಸಾಚಾ ಇದ್ರೆ ಉಪಯೋಗಕ್ಕೆ ಬರಲ್ಲ.

2024ರ ಅಕ್ಟೋಬರ್‌ನಲ್ಲಿ ಜಿಯೋಹಾಟ್‌ಸ್ಟಾರ್ ಡಾಟ್ ಕಾಮ್ ವಿಷ್ಯ ಎಲ್ರ ಬಾಯಲ್ಲಿತ್ತು, ಎರಡು ಕಂಪನಿ ಒಂದಾಗುತ್ತೆ ಅಂತ ಊಹಿಸಿ ದೆಹಲಿಯ ಒಬ್ಬ ಟೆಕ್ಕಿ ಮೊದಲೇ ಆ ವಿಳಾಸ ಕೊಂಡುಕೊಂಡು, ನನಗೆ ಕೇಂಬ್ರಿಡ್ಜ್‌ನಲ್ಲಿ ಓದೋ ಖರ್ಚು ಕೊಡಿ ವಿಳಾಸ ಕೊಡ್ತೀನಿ ಅಂತ ಆ ಸೈಟಲ್ಲೇ ಬರೆದಿದ್ದ. ನಮ್ಮ ಹುಡುಗರೆಲ್ಲ ಭಲೇ ಅಂದ್ರು. ಅವನ ಮೇಲೆ ನನಗೇನೂ ಸಿಟ್ಟಿಲ್ಲ, ದೊಡ್ಡ ಕಂಪನಿಯವರ ಜೇಬಿಂದ ಒಬ್ಬ ಹುಡುಗ ಓದೋಕೆ ಹೋದ್ರೆ ದೇಶ ಮುಳುಗಲ್ಲ, ಆದ್ರೆ ಅದನ್ನ ಬುದ್ಧಿವಂತ ಬಿಸಿನೆಸ್ ಅಂತ ನಮ್ಮ ಅಂಗಡಿಗೆ ಬರೋ ಹುಡುಗರು ನಂಬ್ಕೊಂಡಿದ್ದಾರಲ್ಲ ಅದು ಅಪಾಯ. ಟ್ರೇಡ್‌ಮಾರ್ಕ್ ಇರೋನಿಗೇ ಲಾಭಕ್ಕೆ ಮಾರೋಕೆ ಅಂತ ವಿಳಾಸ ತಗೊಳ್ಳೋದನ್ನೇ ಯುಡಿಆರ್‌ಪಿ ನಿಯಮದಲ್ಲಿ ಕೆಟ್ಟ ಉದ್ದೇಶಕ್ಕೆ ಮೊದಲ ಉದಾಹರಣೆಯಾಗಿ ಕೊಟ್ಟಿದ್ದಾರೆ, ಸೈಟಲ್ಲಿ ಅದನ್ನ ಬರೆದು ಹಾಕೋದು ಅಂದ್ರೆ ಎದುರಾಳಿ ವಕೀಲನಿಗೆ ಸಾಕ್ಷಿ ಟೈಪ್ ಮಾಡಿ ಕೊಟ್ಟಂಗೆ.

ಹಾಗಂತ ದೊಡ್ಡವರೆಲ್ಲ ಸಾಚಾ ಅಂತಲ್ಲ. ಅಮೆರಿಕದ ನಾರ್ತ್ ಕ್ಯಾರೊಲೈನಾದಲ್ಲಿ ಉಜಿ ನಿಸ್ಸಾನ್ ಅಂತ ಒಬ್ಬರಿದ್ರು, ನಿಸ್ಸಾನ್ ಅನ್ನೋದು ಅವರ ಮನೆತನದ ಹೆಸರು, ಕಂಪ್ಯೂಟರ್ ವ್ಯಾಪಾರ, 1994ರಲ್ಲೇ ನಿಸ್ಸಾನ್ ಡಾಟ್ ಕಾಮ್ ತಗೊಂಡಿದ್ರು. ಕಾರಿನ ಕಂಪನಿ 1999ರಲ್ಲಿ ಅವರ ಮೇಲೆ ಒಂದು ಕೋಟಿ ಡಾಲರಿಗೆ ಕೇಸು ಹಾಕ್ತು. ವರ್ಷಾನುಗಟ್ಟಲೆ ಕೋರ್ಟ್ ಅಲೆದು ಆ ಮನುಷ್ಯ ವಿಳಾಸ ಉಳಿಸ್ಕೊಂಡ್ರು, ಆದ್ರೆ ಅದರಲ್ಲಿ ಕಾರಿನ ಜಾಹೀರಾತು ಹಾಕೋ ಹಾಗಿಲ್ಲ ಅಂತಾಯ್ತು, ಖರ್ಚಾಗಿದ್ದರಲ್ಲಿ ಬಹುಪಾಲು ವಾಪಸ್ ಬರಲಿಲ್ಲ. 2020ರಲ್ಲಿ ಕೋವಿಡ್‌ನಲ್ಲಿ ತೀರಿಕೊಂಡ್ರು. ಅಷ್ಟು ಗಟ್ಟಿ ಮನಸ್ಸು, ಅಷ್ಟು ದುಡ್ಡು ನಮ್ಮ ಅರಸೀಕೆರೆ ಚನ್ನರಾಯಪಟ್ಟಣದ ವ್ಯಾಪಾರಿಗೆ ಎಲ್ಲಿಂದ ಬರ್ಬೇಕು, ಲಾಯರ್ ನೋಟಿಸ್ ಬಂದ ದಿನಾನೇ ಕೈಬಿಡ್ತಾನೆ.

ನಮ್ಮ ಸಣ್ಣ ಊರುಗಳಲ್ಲಿ ನಡೆಯೋ ಮೋಸ ಇನ್ನೂ ಸಿಂಪಲ್. ವೆಬ್‌ಸೈಟ್ ಮಾಡಿಕೊಡ್ತೀನಿ ಅಂತ ಬರೋನು ಡೊಮೇನ್‌ನ ಅಂಗಡಿಯವರ ಹೆಸರಲ್ಲಿ ಬುಕ್ ಮಾಡೋ ಬದಲು ತನ್ನ ಹೆಸರು ತನ್ನ ಈಮೇಲ್ ಕೊಟ್ಟು ಬುಕ್ ಮಾಡಿರ್ತಾನೆ. ಮೂರು ವರ್ಷ ಆದ್ಮೇಲೆ ಜಗಳ ಆದ್ರೆ, ಇಲ್ಲಾ ಅವನು ಬೆಂಗಳೂರಿಗೆ ಕೆಲಸಕ್ಕೆ ಹೋಗಿ ಫೋನ್ ತೆಗೀದೇ ಇದ್ರೆ, ಅಂಗಡಿ ಹೆಸರು ಹೋಯ್ತು ಅಂತಲೇ ಲೆಕ್ಕ. ನನ್ನ ಪರಿಚಯದ ಒಬ್ಬ ಸ್ವೀಟ್ ಅಂಗಡಿಯವರಿಗೆ ಹೀಗೇ ಆಯ್ತು, ರಿನ್ಯೂವಲ್ ಮೆಸೇಜು ಇವರಿಗೆ ಬರಲೇ ಇಲ್ಲ, ವಿಳಾಸ ಬಿಟ್ಟುಹೋದ ಮೇಲೆ ಯಾರೋ ಹೊರದೇಶದವರು ಹಿಡ್ಕೊಂಡು ಅಲ್ಲಿ ಜೂಜಿನ ಜಾಹೀರಾತು ಹಾಕಿದ್ರು, ಮಿಠಾಯಿ ಡಬ್ಬದ ಮೇಲೆ ಮಾತ್ರ ಅದೇ ವಿಳಾಸ ಪ್ರಿಂಟ್ ಆಗಿದೆ. ಅವರಿಗೆ ಟ್ರೇಡ್‌ಮಾರ್ಕೂ ಇರಲಿಲ್ಲ. ಟ್ರೇಡ್‌ಮಾರ್ಕ್ ನೋಂದಣಿ ಇಲ್ದೇನೂ ಹಳೇ ಬಳಕೆ ತೋರಿಸಿ ಹಕ್ಕು ಕೇಳಬಹುದು, ಆದ್ರೆ ಅದಕ್ಕೆ ಬಿಲ್ಲು, ಜಾಹೀರಾತು, ಹಳೇ ಲೈಸೆನ್ಸು ಎಲ್ಲ ಗುಡ್ಡೆ ಹಾಕ್ಬೇಕು, ನಮ್ಮಲ್ಲಿ ಯಾರು ಇಟ್ಕೊಂಡಿರ್ತಾರೆ. ವೆಬ್‌ಸೈಟ್ ಮಾಡಿಸೋರು ದಯವಿಟ್ಟು ಹಣ ಕೊಡೋ ಮುಂಚೆ ಒಂದೇ ಪ್ರಶ್ನೆ ಕೇಳಿ, ಡೊಮೇನ್ ಯಾರ ಹೆಸರಲ್ಲಿದೆ, ಲಾಗಿನ್ ಪಾಸ್‌ವರ್ಡ್ ನನ್ನ ಕೈಗೆ ಕೊಡಿ ಅಂತ. ನಮ್ಮ ಲೈನಿನವರೇ ಇದನ್ನ ಓದಿ ನನ್ನ ಮೇಲೆ ಬೇಜಾರು ಮಾಡ್ಕೊಳ್ತಾರೆ, ಮಾಡ್ಕೊಳ್ಳಲಿ.

ಜಿಐ ಟ್ಯಾಗ್, ಅಂದ್ರೆ ಇದು ಇಂಥ ಊರಿನ ವಿಶೇಷ ಅನ್ನೋ ಕಾನೂನಿನ ಗುರುತು, ಇರೋ ವಸ್ತುಗಳದ್ದು ಇನ್ನೊಂದು ಕಥೆ. ಚನ್ನಪಟ್ಟಣದ ಗೊಂಬೆ, ಮೈಸೂರು ರೇಷ್ಮೆ, ಧಾರವಾಡ ಪೇಡ, ಉಡುಪಿ ಮಲ್ಲಿಗೆ ಇವಕ್ಕೆಲ್ಲ ಜಿಐ ಸಿಕ್ಕಿದೆ ಅಂತ ನಾವು ಖುಷಿ ಪಡ್ತೀವಿ, ಆದ್ರೆ ಯುಡಿಆರ್‌ಪಿ ನೋಡೋದು ಟ್ರೇಡ್‌ಮಾರ್ಕ್ ಮಾತ್ರ, ಜಿಐ ಅದಕ್ಕೆ ಲೆಕ್ಕಕ್ಕಿಲ್ಲ. ಫ್ರಾನ್ಸಿನ ಶಾಂಪೇನ್ ತಯಾರಕರ ಸಂಘದಷ್ಟು ದುಡ್ಡಿರೋರೇ 2011ರಲ್ಲಿ ಶಾಂಪೇನ್ ಡಾಟ್ ಕೋ ವಿಳಾಸಕ್ಕೆ ದೂರು ಕೊಟ್ಟು ಸೋತ್ರು, ಅಂದ್ಮೇಲೆ ಚನ್ನಪಟ್ಟಣದ ಹೆಸರಲ್ಲಿ ಬೇರೆ ದೇಶದ ಪ್ಲಾಸ್ಟಿಕ್ ಗೊಂಬೆ ಮಾರೋ ಸೈಟ್ ಬಂದ್ರೆ ಆ ಕುಶಲಕರ್ಮಿ ಯಾವ ಬಾಗಿಲು ತಟ್ಟಬೇಕು?

ಕೊನೆಗೆ ಸರ್ಕಾರದ ವಿಷ್ಯ, ಪತ್ರ ಬರೆದಿದ್ದೇ ಇದಕ್ಕೆ. ಗೌ ಡಾಟ್ ಇನ್ (gov.in) ಅಂತ ಕೊನೆಯಾಗೋ ವಿಳಾಸ ಸರ್ಕಾರಿ ಸಂಸ್ಥೆಗೆ ಬಿಟ್ಟು ಬೇರೆಯವರಿಗೆ ಸಿಗಲ್ಲ, ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಸ್ಥೆ ಎನ್‌ಐಸಿ ಅದನ್ನ ನೋಡ್ಕೊಳ್ಳುತ್ತೆ. ನಮ್ಮ ಸಾರಿಗೆ ನಿಗಮದ್ದೇ ಕರ್ನಾಟಕ ಡಾಟ್ ಗೌ ಡಾಟ್ ಇನ್ ಅಡಿಯಲ್ಲಿ ಒಂದು ಸೈಟಿದೆ, ಮಾಹಿತಿ ಎಲ್ಲ ಅಲ್ಲಿ, ಟಿಕೆಟ್ ಮಾತ್ರ ಡಾಟ್ ಇನ್‌ನಲ್ಲಿ. ದುಡ್ಡು ಕಟ್ಟೋ ಜಾಗಾನೇ ಅಲ್ವಾ ಭದ್ರವಾಗಿರಬೇಕಾದ್ದು? ಬುಕ್ಕಿಂಗನ್ನೂ ಗೌ ಡಾಟ್ ಇನ್ ಅಡಿಗೆ ತಂದ್ರೆ ಕೇರಳದ ಜೊತೆ ಜಗಳಾನೂ ಅರ್ಧ ತಣ್ಣಗಾಗುತ್ತೆ, ಯಾಕಂದ್ರೆ ವಿಳಾಸದಲ್ಲೇ ಕರ್ನಾಟಕ ಅಂತ ಇರುತ್ತೆ, ಒಂದಕ್ಷರ ಆಚೀಚೆ ಮಾಡಿ ನಕಲಿ ಸೈಟ್ ಹುಟ್ಟಿಸೋರಿಗೂ ಕಷ್ಟ ಆಗುತ್ತೆ. ಡಾಟ್ ಇನ್ ವಿಳಾಸ ಬಿಡೋದು ಬೇಡ, ಹಳೇ ಬಾಗಿಲ ಥರ ಇಟ್ಕೊಂಡು ಅಲ್ಲಿ ಎರಡು ರಾಜ್ಯದ ಲಿಂಕ್ ಹಾಕಲಿ.

ಮುಜರಾಯಿ ಇಲಾಖೆಯವರೂ ಇದನ್ನ ಓದ್ಬೇಕು. 2022ರಲ್ಲಿ ದೇವಲ ಗಾಣಗಾಪುರದ ದತ್ತಾತ್ರೇಯ ದೇವಸ್ಥಾನದ ಹೆಸರಲ್ಲಿ ನಕಲಿ ವೆಬ್‌ಸೈಟುಗಳನ್ನ ಮಾಡಿ ಭಕ್ತರಿಂದ ಕೋಟಿಗಟ್ಟಲೆ ಎತ್ತಿದ ಆರೋಪ ಬಂದು ಪೊಲೀಸ್ ಕೇಸ್ ಆಗಿದ್ದು ಎಲ್ರಿಗೂ ನೆನಪಿರಬೇಕು. ದೇವರ ಹೆಸರನ್ನ ಯಾರು ಟ್ರೇಡ್‌ಮಾರ್ಕ್ ಮಾಡಿಸಿರ್ತಾರೆ, ಯಾರು ಹೋಗಿ ಜಿನೀವಾದಲ್ಲಿ ದೂರು ಕೊಡ್ತಾರೆ. ಅಮುಲ್‌ನಂಥವರಾದ್ರೆ ವಕೀಲರನ್ನ ಇಟ್ಕೊಂಡಿರ್ತಾರೆ, ಅಮುಲ್ ಫ್ರಾಂಚೈಸಿ ಕೊಡ್ತೀವಿ ಅಂತ ನಕಲಿ ಸೈಟು ಬಂದಾಗ 2020ರಲ್ಲಿ ದೆಹಲಿ ಹೈಕೋರ್ಟಿಂದ ಆದೇಶ ತಂದ್ರು. ಡಾಬರ್‌ನವರೂ ಅಂಥದ್ದೇ ಕೇಸ್ ಹಾಕಿದ್ರು, ಎದುರಾಳಿ ಯಾರು ಅಂತಲೇ ಗೊತ್ತಿಲ್ಲದ್ದಕ್ಕೆ ಅಶೋಕ್ ಕುಮಾರ್ ಅನ್ನೋ ಕಾಲ್ಪನಿಕ ಹೆಸರಿನ ಮೇಲೆ ಕೇಸು, ನಮ್ಮ ದೇಶದ ಕೋರ್ಟುಗಳಲ್ಲಿ ಮುಖ ಕಾಣದ ಕಳ್ಳನಿಗೆಲ್ಲ ಅದೇ ಹೆಸರು, ನಿಜವಾದ ಅಶೋಕ್ ಕುಮಾರ್‌ಗಳು ಎಷ್ಟು ಬೈಕೊಳ್ತಾರೋ ಏನೋ. ದೇವಸ್ಥಾನಕ್ಕೆ, ತಾಲೂಕು ಆಸ್ಪತ್ರೆಗೆ, ಸರ್ಕಾರಿ ಕಾಲೇಜಿಗೆ ಇಷ್ಟೆಲ್ಲ ಮಾಡೋರು ಯಾರೂ ಇಲ್ಲ, ಹಾಗಾಗಿ ಬೇರೆಯವರಿಗೆ ಸಿಗದ ವಿಳಾಸದಲ್ಲಿ ಇರೋದೊಂದೇ ದಾರಿ. ಇಲಾಖೆಯ ಅಡಿಯಲ್ಲಿರೋ ಪ್ರತಿ ದೇವಸ್ಥಾನದ ಅಧಿಕೃತ ಸೇವಾ ಪುಟ ಗೌ ಡಾಟ್ ಇನ್‌ನಲ್ಲೇ ಇರಲಿ, ರಸೀದಿ ಹಿಂದೆ, ಹುಂಡಿ ಪಕ್ಕ, ದೇವಸ್ಥಾನದ ಬೋರ್ಡಲ್ಲಿ ಅದೊಂದೇ ವಿಳಾಸ ದಪ್ಪ ಅಕ್ಷರದಲ್ಲಿ ಬರೆಸಲಿ.

ಇದು ಆಗದ ಮಾತಲ್ಲ, ಯಾಕಂದ್ರೆ ಬ್ಯಾಂಕುಗಳು ಮಾಡಿ ತೋರಿಸಿವೆ. 2025ರ ಫೆಬ್ರವರಿಯಲ್ಲಿ ರಿಸರ್ವ್ ಬ್ಯಾಂಕ್ ಬ್ಯಾಂಕ್ ಡಾಟ್ ಇನ್ ಅಂತ ಬ್ಯಾಂಕುಗಳಿಗೇ ಮೀಸಲಾದ ವಿಳಾಸ ಘೋಷಣೆ ಮಾಡ್ತು, ರಿಸರ್ವ್ ಬ್ಯಾಂಕೇ ಹೈದರಾಬಾದಿನಲ್ಲಿ ಕಟ್ಟಿದ ಐಡಿಆರ್‌ಬಿಟಿ ಸಂಸ್ಥೆ ಬಿಟ್ಟು ಬೇರೆ ಯಾರೂ ಅದನ್ನ ಕೊಡೋ ಹಾಗಿಲ್ಲ, ಅಕ್ಟೋಬರ್ 31ರೊಳಗೆ ಎಲ್ಲ ಬ್ಯಾಂಕೂ ಬದಲಾಗ್ಬೇಕು ಅಂತ ಗಡುವು ಹಾಕ್ತು, ಪಟ್ಟಣ ಸಹಕಾರಿ ಬ್ಯಾಂಕು ಡಿಸಿಸಿ ಬ್ಯಾಂಕುಗಳಿಗೂ ಸೇರಿಸಿ. ಅಲ್ಲಿ ಹೆಸರು ತಗೊಳ್ಳೋ ಮುಂಚೆ ನೀನು ಬ್ಯಾಂಕ್ ಹೌದಾ ಅಂತ ಕೇಳ್ತಾರೆ, ಅಷ್ಟೇ ವ್ಯತ್ಯಾಸ, ಉಳಿದ ಕಡೆ ಯಾರೂ ಕೇಳದ ಪ್ರಶ್ನೆ ಅದು.

ಕನ್ನಡದಲ್ಲೇ ಬರೆಯೋ ಡಾಟ್ ಭಾರತ ವಿಳಾಸಾನೂ ಈಗ ಸಿಗುತ್ತೆ, ಕನ್ನಡ ಲಿಪಿಯಲ್ಲೇ ಟೈಪ್ ಮಾಡಿದ್ರೆ ಸೈಟ್ ತೆರೆಯುತ್ತೆ. ಬಳಸೋರು ಕಡಿಮೆ ಇರೋದ್ರಿಂದ ಜಗಳ ಇನ್ನೂ ಶುರುವಾಗಿಲ್ಲ. ಕನ್ನಡ ತೆಲುಗು ಲಿಪಿಯಲ್ಲಿ ಎಷ್ಟೋ ಅಕ್ಷರ ನೋಡೋಕೆ ಒಂದೇ ಥರ, ಆ ಹೋಲಿಕೆಯಿಂದ ನಕಲಿ ವಿಳಾಸ ಹುಟ್ಟದ ಹಾಗೆ ನಿಯಮ ಮಾಡೋ ಕೆಲಸ ಪರಿಣಿತರ ತಂಡ ಮಾಡಿದೆ, ಒಳ್ಳೇದೇ. ಆದ್ರೆ ಒಂದು ಲಿಪಿಯಲ್ಲಿ ಟ್ರೇಡ್‌ಮಾರ್ಕ್ ಮಾಡಿಸಿದ ಹೆಸರನ್ನ ಇನ್ನೊಬ್ಬ ಕನ್ನಡ ಲಿಪಿಯಲ್ಲಿ ವಿಳಾಸ ಮಾಡ್ಕೊಂಡ್ರೆ ಏನು ಅನ್ನೋದು ನಮ್ಮ ನಿಗಮ ಮಂಡಳಿಗಳು ಈಗಲೇ ಯೋಚಿಸಲಿ, ಕನಿಷ್ಠ ತಮ್ಮ ತಮ್ಮ ಹೆಸರನ್ನ ಕನ್ನಡದಲ್ಲಿ ಬುಕ್ ಮಾಡಿ ಇಟ್ಕೊಳ್ಳಲಿ, ಆ ಖರ್ಚು ಒಂದು ಮೀಟಿಂಗಿನ ಕಾಫಿ ಬಿಸ್ಕತ್ತಿಗಿಂತ ಜಾಸ್ತಿ ಆಗಲ್ಲ. ಮತ್ತೆ ಕೆಎಸ್‌ಆರ್‌ಟಿಸಿ ಅಂತ ಕನ್ನಡದಲ್ಲಿ ಬರೆದ ವಿಳಾಸಕ್ಕೆ ಕೇರಳದವರು ಕೋರ್ಟಿಗೆ ಬರೋದು ಅನುಮಾನ.

ಇಂತಿ,
ಒಬ್ಬ ಓದುಗ, ಹಾಸನ